ಎಂಜಿನ್ನಿನ ಟಿಕ್ ಟಿಕ್ ಸದ್ದು: ಬಿಚ್ಚುವ ಮೊದಲು ಮಾಡಬೇಕಾದ ಪತ್ತೆ

ಕಾರಿನ ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತೆಂದರೆ ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು ‘ಟ್ಯಾಪೆಟ್ ಸೌಂಡ್, ಸೆಟ್ಟಿಂಗ್ ಮಾಡಬೇಕು’ ಎಂಬುದು. ಸಿಲಿಂಡರಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲುಗಳೇ ವಾಲ್ವುಗಳು; ಅವನ್ನು ಒತ್ತಿ ತೆರೆಯುವ ಭಾಗ ಟ್ಯಾಪೆಟ್. ಎಷ್ಟೋ ಸಲ ಗ್ಯಾರೇಜಿನವರ ಆ ಮಾತು ನಿಜವೂ ಆಗಿರುತ್ತದೆ. ಆದರೆ ಸರಿಸುಮಾರು ಅಂಥದೇ ಸದ್ದನ್ನು ಇಂಧನ ಚಿಮ್ಮಿಸುವ ಇಂಜೆಕ್ಟರ್ ಮಾಡುತ್ತದೆ, ಬಿರುಕು ಬಿಟ್ಟ ಎಕ್ಸಾಸ್ಟ್ ಮೆನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಕೊಳವೆ) ಮಾಡುತ್ತದೆ, ಸಡಿಲವಾದ ಸ್ಪಾರ್ಕ್ ಪ್ಲಗ್ ಮಾಡುತ್ತದೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಸವೆದ ಬೇರಿಂಗ್ ಕೂಡ ಮಾಡುತ್ತದೆ. ಇವುಗಳಲ್ಲಿ ಮೊದಲನೆಯದಕ್ಕೆ ಏನೂ ಮಾಡಬೇಕಾಗಿಲ್ಲ. ಕೊನೆಯದನ್ನು ಕಡೆಗಣಿಸಿ ಇನ್ನೊಂದಷ್ಟು ದೂರ ಓಡಿಸಿದರೆ ಎಂಜಿನ್ನೇ ಉಳಿಯುವುದಿಲ್ಲ. ಆದ್ದರಿಂದ ಸದ್ದಿಗೆ ಹೆಸರಿಡುವ ಅವಸರಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ, ಯಾವುದರ ಜೊತೆ ಏರುತ್ತದೆ ಎಂಬುದನ್ನು ಗಮನಿಸುವುದು ಮುಖ್ಯ. ಇಷ್ಟನ್ನು ಕಾರಿನ ಮಾಲೀಕರೇ ಮಾಡಿಕೊಂಡು ಹೋದರೆ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲೇ ಕೆಲಸದ ಬಹುಪಾಲು ಮುಗಿದಿರುತ್ತದೆ.

ಸದ್ದಿನ ಲಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ, ವಾಲ್ವುಗಳನ್ನು ತೆರೆಸುವ ಉಬ್ಬುಗಳಿರುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ, ಪ್ರತಿಯೊಂದು ವಾಲ್ವ್ ಒಂದು ಸಲ ತೆರೆದು ಮುಚ್ಚುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ತೆರೆಯುತ್ತದೆ. ಒಂದೇ ಟ್ಯಾಪೆಟ್ ಸಡಿಲವಾಗಿದ್ದರೆ ಕೇಳಿಸುವುದು ಇದೇ ವೇಗದ, ಬಿಡಿಬಿಡಿಯಾದ, ಹಗುರವಾದ ಟಿಕ್ ಟಿಕ್. ಕ್ರ್ಯಾಂಕ್ ಅಥವಾ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ಪ್ರತಿ ಸುತ್ತಿಗೂ ಪೆಟ್ಟು ಬೀಳುವುದರಿಂದ ಸದ್ದು ಅದರ ಇಮ್ಮಡಿ ವೇಗದ್ದು, ಜೊತೆಗೆ ಟಿಕ್ ಎನ್ನುವುದಕ್ಕಿಂತ ಢಕ್ ಢಕ್ ಎನ್ನುವಷ್ಟು ದಪ್ಪ. ಕಿವಿಯಿಂದ ಎಣಿಸುವುದು ಸುಲಭವಲ್ಲ. ಆದರೂ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿದಾಗ ಸದ್ದಿನ ಲಯವೂ ಅದೇ ಪ್ರಮಾಣದಲ್ಲಿ ಏರುತ್ತದೆಯೇ ಎಂಬುದನ್ನು ಯಾರು ಬೇಕಾದರೂ ಗಮನಿಸಬಹುದು. ಎಂಜಿನ್ ವೇಗ ಏರಿದರೂ ಸದ್ದು ತನ್ನದೇ ಲಯದಲ್ಲಿದ್ದರೆ ಮೂಲ ಬೇರೆ ಕಡೆ ಇದೆ ಎಂದರ್ಥ. ಕಾರು ಚಲಿಸುವಾಗ ಮಾತ್ರ ಬಂದು, ನ್ಯೂಟ್ರಲ್‌ನಲ್ಲಿ ನಿಂತು ರೇಸ್ ಮಾಡಿದಾಗ ಬಾರದ ಸದ್ದು ಎಂಜಿನ್ನಿನದಲ್ಲ. ಟೈರಿನ ಸಂದಿಯಲ್ಲಿ ಸಿಕ್ಕಿದ ಜಲ್ಲಿಕಲ್ಲು ಇಂಥ ಸದ್ದು ಮಾಡುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಕಟ ಕಟ ಎಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ನೋಡಿಸಬೇಕು.

ಟ್ಯಾಪೆಟ್ಟಿನ ಸದ್ದಿಗೆ ಕಾರಣ ಒಂದು ಸಣ್ಣ ಸಂದು. ಎಂಜಿನ್ ಬಿಸಿಯಾದಾಗ ವಾಲ್ವಿನ ಕಡ್ಡಿ ಹಿಗ್ಗಿ ಉದ್ದವಾಗುತ್ತದೆ. ಆ ಹಿಗ್ಗುವಿಕೆಗೆ ಜಾಗವಿಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರಲಾರದು. ಅದಕ್ಕಾಗಿ ವಾಲ್ವನ್ನು ಒತ್ತುವ ಸನ್ನೆಯಾದ ರಾಕರ್ ಆರ್ಮಿಗೂ ವಾಲ್ವಿನ ತುದಿಗೂ ನಡುವೆ ತಣ್ಣಗಿರುವಾಗ ಒಂದಿಷ್ಟು ಸಂದು ಬಿಡುತ್ತಾರೆ. ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯವಾಗಿ 0.15ರಿಂದ 0.30 ಮಿಲಿಮೀಟರಿನ ಆಸುಪಾಸು. ಹೆಚ್ಚು ಕಾಯುವ ಎಕ್ಸಾಸ್ಟ್ ವಾಲ್ವಿಗೆ ಅನೇಕ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವಿಗಿಂತ ತುಸು ಹೆಚ್ಚು ಸಂದು ಬೇಕು. ನಿಖರವಾದ ಅಳತೆ ಆಯಾ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನೇ ನಂಬಬೇಕು. ಸ್ಕ್ರೂವಿನ ತುದಿ, ರಾಕರಿನ ಮೈ, ಕ್ಯಾಮಿನ ಉಬ್ಬು ಇವು ಸವೆದಂತೆ ಈ ಸಂದು ದೊಡ್ಡದಾಗುತ್ತದೆ. ಆಗ ರಾಕರ್ ಮೃದುವಾಗಿ ಒತ್ತುವ ಬದಲು ವಾಲ್ವಿನ ತುದಿಯನ್ನು ಕುಟ್ಟತೊಡಗುತ್ತದೆ.

ಎಲ್ಲ ಕಾರುಗಳಲ್ಲಿ ಈ ವ್ಯವಸ್ಥೆ ಒಂದೇ ರೀತಿ ಇಲ್ಲ ಎಂಬುದನ್ನು ಮರೆಯಬಾರದು. ಮಾರುತಿ 800 ಮತ್ತು ಓಮ್ನಿಯ 796 ಸಿಸಿ ಎಂಜಿನ್ನಿನಲ್ಲಿ ರಾಕರಿನ ತುದಿಗೆ ಸ್ಕ್ರೂ ಮತ್ತು ಲಾಕ್ ನಟ್ ಇರುತ್ತದೆ. ಹೋಂಡಾ ಸಿಟಿಯ ಹಲವು ಪೆಟ್ರೋಲ್ ಎಂಜಿನ್ನುಗಳೂ ಇದೇ ಬಗೆಯವು. ಇಂಥವುಗಳಲ್ಲಿ ‘ಸೆಟ್ಟಿಂಗ್’ ಎಂಬ ಮಾತಿಗೆ ಅರ್ಥವಿದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಸ್ಕ್ರೂ ಇರುವುದೇ ಇಲ್ಲ, ಬೇರೆ ಬೇರೆ ದಪ್ಪದ ಟ್ಯಾಪೆಟ್ ಅಥವಾ ಶಿಮ್ (ತೆಳುವಾದ ಲೋಹದ ಬಿಲ್ಲೆ) ಬದಲಿಸಿಯೇ ಸಂದು ಸರಿಪಡಿಸಬೇಕು. ಮಾರುತಿ ಸ್ವಿಫ್ಟಿನಲ್ಲಿ ಬರುತ್ತಿದ್ದ 1.3 ಲೀಟರಿನ ಡೀಸೆಲ್ ಎಂಜಿನ್ನಿನಂಥವುಗಳಲ್ಲಿ ಹೈಡ್ರಾಲಿಕ್ ಟ್ಯಾಪೆಟ್ಟುಗಳಿದ್ದು, ಅವು ಎಂಜಿನ್ ಆಯಿಲ್ಲಿನ ಒತ್ತಡದಿಂದ ತಾವೇ ಸಂದನ್ನು ತುಂಬಿಕೊಳ್ಳುತ್ತವೆ. ಇಂಥ ಕಾರನ್ನು ತೆಗೆದುಕೊಂಡು ಹೋದಾಗ ಯಾರಾದರೂ ಟ್ಯಾಪೆಟ್ ಸೆಟ್ಟಿಂಗಿಗೆ ದುಡ್ಡು ಕೇಳಿದರೆ, ಅಲ್ಲಿ ಸೆಟ್ ಮಾಡಲು ಏನೂ ಇಲ್ಲ ಎಂಬುದು ಮಾಲೀಕರಿಗೆ ಗೊತ್ತಿರಬೇಕು.

ಟ್ಯಾಪೆಟ್ ಯಾವ ಬಗೆಯದೇ ಇರಲಿ, ಪರೀಕ್ಷೆ ಆಯಿಲ್ಲಿನಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಐದು ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್ ಸ್ಟಿಕ್ ಎಳೆಯಬೇಕು, ಒರೆಸಿ ಮತ್ತೆ ಹಾಕಿ ಎಳೆಯಬೇಕು. ಮಟ್ಟ ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಪಂಪ್ ಆಗಾಗ ಗಾಳಿ ಎಳೆಯುತ್ತದೆ. ಎಂಜಿನ್ನಿನ ಕೆಳಭಾಗದಿಂದ ಹೊರಟ ಆಯಿಲ್ ಕಡೆಗೆ ತಲುಪುವ ಜಾಗಗಳಲ್ಲಿ ವಾಲ್ವುಗಳಿರುವ ಮೇಲ್ಭಾಗ, ಅಂದರೆ ಸಿಲಿಂಡರ್ ಹೆಡ್ ಒಂದಾದ್ದರಿಂದ ಮೊದಲು ಸದ್ದು ಮಾಡುವುದೂ ಅದೇ. ಮೇಲಿನ ಗುರುತನ್ನೂ ಮೀರಿ ತುಂಬಿಸಿದ್ದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ತುಂಬಿದ ಹೈಡ್ರಾಲಿಕ್ ಟ್ಯಾಪೆಟ್ ಮೆತ್ತಗಾಗಿ ಮತ್ತೆ ಅದೇ ಟಿಕ್ ಟಿಕ್. ಹೆಚ್ಚು ಹಾಕಿದರೆ ಒಳ್ಳೆಯದೇ ಎಂಬ ನಂಬಿಕೆ ತಪ್ಪು.

ಗ್ರೇಡಿನ ವಿಷಯವೂ ಅಷ್ಟೇ ಮುಖ್ಯ. ಹಳೆಯ ಮಾರುತಿಗಳ ಕಾಲದ 20ಡಬ್ಲ್ಯೂ-40 ಆಯಿಲನ್ನು ಅಭ್ಯಾಸಬಲದಿಂದ ಹೊಸ ಎಂಜಿನ್ನಿಗೂ ಹಾಕುವವರು ಇನ್ನೂ ಇದ್ದಾರೆ. ಹೊಸ ಪೆಟ್ರೋಲ್ ಎಂಜಿನ್ನುಗಳ ಆಯಿಲ್ ದಾರಿಗಳು ಕಿರಿದಾಗಿದ್ದು, 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30ರಂಥ ತೆಳುವಾದ ಆಯಿಲ್ಲಿಗೆಂದೇ ರೂಪುಗೊಂಡಿರುತ್ತವೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ದಪ್ಪ ಆಯಿಲ್ ಹೆಡ್ಡನ್ನು ತಲುಪಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ಟ್ಯಾಪೆಟ್ಟುಗಳು ಒಣಗಿದಂತೆ ಕುಟ್ಟುತ್ತವೆ. ಇದರ ತಿರುಗುಮುರುಗೂ ಉಂಟು: ಬಿಸಿಯಾದಾಗ ಬರುವ ಸದ್ದನ್ನು ಅಡಗಿಸಲು ಬೇಕೆಂದೇ ದಪ್ಪ ಆಯಿಲ್ ಹಾಕುವುದು, ಅಥವಾ ಡಬ್ಬಿಯಲ್ಲಿ ಸಿಗುವ ಅಂಟಂಟಾದ ಸೇರ್ಪಡೆಯನ್ನು ಸುರಿಯುವುದು. ಸದ್ದು ತಗ್ಗುತ್ತದೆ, ಸವೆತ ನಿಲ್ಲುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ತಣ್ಣಗಿರುವ ಎಂಜಿನ್ನನ್ನು ತಾವೇ ಸ್ಟಾರ್ಟ್ ಮಾಡಿ ನೋಡಬೇಕು ಮತ್ತು ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ ಮತ್ತೊಮ್ಮೆ ಕೇಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಆಯಿಲ್ ಫಿಲ್ಟರ್ ಬಗ್ಗೆ ಒಂದು ಮಾತು. ತಿರುಗಿಸಿ ಕೂರಿಸುವ ಫಿಲ್ಟರುಗಳ ಒಳಗೆ ಒಂದು ರಬ್ಬರ್ ಪೊರೆ ಇದ್ದು, ಎಂಜಿನ್ ಆರಿದ ಮೇಲೆ ಆಯಿಲ್ ಹಿಂದಕ್ಕೆ ಎಂಜಿನ್ನಿನ ಅಡಿಯ ತೊಟ್ಟಿಯಾದ ಸಂಪ್‌ಗೆ ಹರಿದುಹೋಗದಂತೆ ತಡೆಯುತ್ತದೆ. ಅಗ್ಗದ ನಕಲಿ ಫಿಲ್ಟರಿನಲ್ಲಿ ಆ ಪೊರೆ ಬೇಗ ಗಡುಸಾಗುತ್ತದೆ. ರಾತ್ರಿಯೆಲ್ಲ ಫಿಲ್ಟರ್ ಬರಿದಾಗಿ ಬೆಳಗಿನ ಮೊದಲ ಸ್ಟಾರ್ಟಿಗೆ ಕೆಲವು ಸೆಕೆಂಡು ಟಕ ಟಕ ಎನ್ನುತ್ತದೆ. ಆಯಿಲ್ ಬದಲಿಸಿದ ಮರುದಿನದಿಂದಲೇ ಇಂಥ ಸದ್ದು ಆರಂಭವಾಗಿದ್ದರೆ ಹೆಡ್ ಕವರ್ ಬಿಚ್ಚುವ ಬದಲು ಕಂಪನಿಯ ಅಸಲಿ ಫಿಲ್ಟರ್ ತಂದು ಹಾಕಿ ನೋಡುವುದು ವಿವೇಕ.

ಇಷ್ಟಾದ ಮೇಲೂ ಸದ್ದು ಉಳಿದರೆ, ಅದು ಕಾಣಿಸಿಕೊಳ್ಳುವ ಹೊತ್ತು ಮಾತಾಡುತ್ತದೆ. ತಣ್ಣನೆಯ ಸ್ಟಾರ್ಟಿನಲ್ಲಿ ಬಂದು ಕೆಲವೇ ಸೆಕೆಂಡುಗಳಲ್ಲಿ ನಿಂತರೆ ಅದು ರಾತ್ರಿ ಬರಿದಾದ ಹೈಡ್ರಾಲಿಕ್ ಟ್ಯಾಪೆಟ್ ತುಂಬಿಕೊಳ್ಳುವ ಸದ್ದು. ದಿನದಿಂದ ದಿನಕ್ಕೆ ಉದ್ದವಾಗದಿದ್ದರೆ ಚಿಂತೆಯಿಲ್ಲ. ಟೈಮಿಂಗ್ ಚೈನಿನ ಟೆನ್ಷನರ್ ಕೂಡ ಅನೇಕ ಎಂಜಿನ್ನುಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ, ಆದರೆ ಸಡಿಲ ಚೈನಿನ ಸದ್ದು ಟಿಕ್ ಟಿಕ್ ಅಲ್ಲ, ಎಂಜಿನ್ನಿನ ಒಂದು ಪಕ್ಕದಿಂದ ಬರುವ ಖರ ಖರ, ಮತ್ತು ಅದನ್ನು ಮುಂದೂಡಬಾರದು. ಎಂಜಿನ್ ಕಾಯುವವರೆಗೆ ಹತ್ತಿಪ್ಪತ್ತು ನಿಮಿಷ ಇದ್ದು ಆಮೇಲೆ ಮಾಯವಾದರೆ ಅನುಮಾನ ಎಕ್ಸಾಸ್ಟ್ ಸೋರಿಕೆಯ ಮೇಲೋ ಸಿಲಿಂಡರಿನಲ್ಲಿ ತುಸು ಸಡಿಲವಾಗಿ ಅಲುಗುವ ಪಿಸ್ಟನ್ನಿನ ಮೇಲೋ ಹೋಗಬೇಕು. ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದ ಮೇಲೆ, ಅದರಲ್ಲೂ ಸಿಗ್ನಲಿನಲ್ಲಿ ನಿಂತಾಗ ಶುರುವಾದರೆ, ಆಯಿಲ್ ತೆಳುವಾದಾಗ ಒತ್ತಡ ಸಾಲದಾಗುತ್ತಿದೆ ಎಂದರ್ಥ; ಇದೇ ಹೆಚ್ಚು ಗಂಭೀರವಾದ ಸೂಚನೆ. ಘಾಟಿ ಹತ್ತುವಾಗ ಮೇಲಿನ ಗೇರಿನಲ್ಲಿ ಒತ್ತಿ ಓಡಿಸಿದಾಗ ಮಾತ್ರ ಚಟ ಚಟ ಎಂದು, ಕಾಲು ತೆಗೆದ ಕೂಡಲೇ ನಿಂತರೆ ಅದು ಯಾವ ಭಾಗದ ಸವೆತವೂ ಅಲ್ಲದೆ ಇಂಧನ ಅಕಾಲದಲ್ಲಿ ಸಿಡಿಯುವುದರಿಂದ ಆಗುವ ನಾಕಿಂಗ್ ಇರಬಹುದು.

ಜಾಗ ಪತ್ತೆ ಮಾಡಲು ಹಳೆಯ ಮೆಕ್ಯಾನಿಕ್‌ಗಳ ಉಪಾಯ ಇಂದಿಗೂ ಸೊಗಸಾಗಿ ನಡೆಯುತ್ತದೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಹೆಡ್ ಕವರಿನ ಬೋಲ್ಟ್, ಇಂಜೆಕ್ಟರಿನ ಮೈ, ಬ್ಲಾಕಿನ ಪಕ್ಕ, ಸಂಪಿನ ಅಂಚು ಹೀಗೆ ಒಂದೊಂದಕ್ಕೂ ಒತ್ತಿ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿದರೆ ಸದ್ದು ಎಲ್ಲಿ ಹತ್ತಿರ, ಎಲ್ಲಿ ದೂರ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಎಂಜಿನ್ನಿಗೆಂದೇ ಸಿಗುವ ಸ್ಟೆತಾಸ್ಕೋಪ್ ಇನ್ನೂ ಒಳ್ಳೆಯದು. ಗಾಳಿ ಸೋರುವ ಸದ್ದಿಗೆ ಮಾತ್ರ ಲೋಹದ ಕಡ್ಡಿ ಪ್ರಯೋಜನವಿಲ್ಲ. ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಮೆನಿಫೋಲ್ಡಿನ ಅಂಚಿನಗುಂಟ, ಬಿಸಿ ಲೋಹಕ್ಕೆ ತಾಗದಂತೆ, ಆಡಿಸಬೇಕು. ತಿರುಗುವ ಬೆಲ್ಟಿನ ಬಳಿ ಶಲ್ಯ, ದುಪಟ್ಟಾ, ಸಡಿಲ ತೋಳು ಇರಬಾರದು, ಮತ್ತು ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದೆಂಬ ಎಚ್ಚರ ಇರಲೇಬೇಕು. ಸದ್ದು ಬೆಲ್ಟಿನ ಕಡೆಯಿಂದಲೇ ಬರುತ್ತಿದ್ದರೆ, ತಣ್ಣನೆಯ ಎಂಜಿನ್ನಿನ ಹೊರಗಿನ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ (ಟೈಮಿಂಗ್ ಬೆಲ್ಟ್ ಅಲ್ಲ) ಬಿಚ್ಚಿ ಅರ್ಧ ನಿಮಿಷ ಮಾತ್ರ ಓಡಿಸಿ ನೋಡಬಹುದು. ನಿಂತರೆ ದೋಷ ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಪುಲ್ಲಿಯದು. ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಈ ಹೊತ್ತಿನಲ್ಲಿ ನಿಂತಿರುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು.

ಹೀಗೆ ಕೇಳುವಾಗ ಕೆಲವು ಸದ್ದುಗಳು ಆರೋಗ್ಯವಂತ ಎಂಜಿನ್ನಿನವೇ ಎಂದು ತಿಳಿದಿರಬೇಕು. ಇಂಜೆಕ್ಟರ್ ಎಂಬುದು ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್. ಅದು ಟಿಕ್ ಎನ್ನಲೇಬೇಕು, ಎಲ್ಲ ಇಂಜೆಕ್ಟರುಗಳ ಸದ್ದೂ ಒಂದೇ ತೆರನಾಗಿದ್ದರೆ ಸರಿ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಟರ್ಬೊ ಎಂಜಿನ್ನುಗಳಲ್ಲಿ ಹೆಚ್ಚಿನ ಒತ್ತಡದ ಪಂಪ್ ಕೂಡ ಸೇರಿಕೊಂಡು ಈ ಸದ್ದು ಇನ್ನಷ್ಟು ಜೋರು. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಎಂಜಿನ್ ಬಿಸಿಯಾದ ಮೇಲೆ ಬಿಟ್ಟು ಬಿಟ್ಟು ಟಿಕ್ ಎನ್ನುತ್ತದೆ. ಬೆರಳಿಟ್ಟರೆ ಮಿಡಿತ ತಿಳಿಯುತ್ತದೆ. ಸಿಎನ್‌ಜಿಗೆ ಬದಲಾದ ಕೂಡಲೇ ಟಕ ಟಕ ಎಂದು, ಪೆಟ್ರೋಲಿಗೆ ಮರಳಿದಾಗ ನಿಂತರೆ ಅದು ಗ್ಯಾಸ್ ಇಂಜೆಕ್ಟರ್ ರೈಲಿನ ಸದ್ದು.

ಎಕ್ಸಾಸ್ಟ್ ಸೋರಿಕೆಯನ್ನು ಟ್ಯಾಪೆಟ್ ಎಂದು ತಪ್ಪಾಗಿ ತಿಳಿಯುವುದು ಬಹಳ ಸಾಮಾನ್ಯ. ಪ್ರತಿ ಸಲ ಎಕ್ಸಾಸ್ಟ್ ವಾಲ್ವ್ ತೆರೆದಾಗ ಬಿಸಿ ಅನಿಲ ಗ್ಯಾಸ್ಕೆಟ್ಟಿನ ಸೀಳಿನಿಂದ ಫಟ್ ಎಂದು ನುಗ್ಗುತ್ತದೆ, ಆದ್ದರಿಂದ ಲಯ ಟ್ಯಾಪೆಟ್ಟಿನದೇ. ಆದರೆ ಲೋಹ ಕಾದು ಹಿಗ್ಗಿದಂತೆ ಸೀಳು ಮುಚ್ಚಿಕೊಂಡು ಸದ್ದು ಅಡಗುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚುತ್ತದೆ, ಮತ್ತು ಸೋರುವ ಜಾಗದ ಸುತ್ತ ಕಪ್ಪು ಮಸಿಯ ಗೀಟು ಬಿದ್ದಿರುತ್ತದೆ. ಮೆನಿಫೋಲ್ಡಿನ ಮುರಿದ ಸ್ಟಡ್ ಅಥವಾ ಸುಟ್ಟ ಗ್ಯಾಸ್ಕೆಟ್ ಬದಲಿಸಿದರೆ ಕೆಲಸ ಮುಗಿಯಿತು. ಸದ್ದು ಸಣ್ಣದೆಂದು ಬಿಡಬಾರದು, ಹೊರಬರುವ ಕಾರ್ಬನ್ ಮಾನಾಕ್ಸೈಡ್ ಎ.ಸಿ.ಯ ಗಾಳಿದಾರಿಯಿಂದ ಕಾರಿನೊಳಗೆ ಬರಬಹುದು. ಸರಿಯಾಗಿ ಬಿಗಿಯದ ಸ್ಪಾರ್ಕ್ ಪ್ಲಗ್ಗಿನ ಸದ್ದೂ ಇದನ್ನೇ ಹೋಲುತ್ತದೆ. ಇತ್ತೀಚೆಗೆ ಪ್ಲಗ್ ಬದಲಿಸಿದ್ದರೆ ಮೊದಲು ಅದನ್ನೇ ನೋಡಬೇಕು.

ಇಷ್ಟೆಲ್ಲವನ್ನೂ ದಾಟಿ ಸದ್ದು ಹೆಡ್ ಕವರಿನಡಿಯದೇ ಎಂದು ಖಚಿತವಾದರೆ, ಮತ್ತು ಎಂಜಿನ್ ಸ್ಕ್ರೂ ಇರುವ ಬಗೆಯದಾದರೆ, ಆಗ ಸೆಟ್ಟಿಂಗ್. ಮಾರುತಿ 800ರ ಮೂರು ಸಿಲಿಂಡರ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ತಣ್ಣಗಿರುವಾಗಿನ ಅಳತೆ ಹಿಡಿಯುವುದಾದರೆ ಕಾರು ರಾತ್ರಿಯೆಲ್ಲ ನಿಂತಿರಬೇಕು. ಏರ್ ಫಿಲ್ಟರಿನ ಡಬ್ಬಿ ಮತ್ತು ಹೆಡ್ ಕವರ್ ತೆಗೆದು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದ ಸಲೀಸಾಗಿ ತಿರುಗಿಸಬಹುದು. ಒಂದನೇ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ಬಂದಾಗ ಅದರ ಎರಡೂ ವಾಲ್ವುಗಳು ಮುಚ್ಚಿರುತ್ತವೆ, ರಾಕರುಗಳನ್ನು ಬೆರಳಿನಿಂದ ಅಲುಗಿಸಿದರೆ ಸಣ್ಣಗೆ ಆಡುತ್ತವೆ. ಆಗ ಸಂದು ಅಳೆಯುವ ಫೀಲರ್ ಗೇಜಿನ ಸರಿಯಾದ ದಪ್ಪದ ಲೋಹದ ಎಸಳನ್ನು ಸ್ಕ್ರೂವಿಗೂ ವಾಲ್ವಿನ ತುದಿಗೂ ನಡುವೆ ತೂರಿಸಬೇಕು. ಎಸಳು ಜಾರಬೇಕು, ಆದರೆ ಎಳೆಯುವಾಗ ಬೆಣ್ಣೆಯಲ್ಲಿ ಚಾಕು ಎಳೆದಷ್ಟು ತಡೆ ಬೆರಳಿಗೆ ತಿಳಿಯಬೇಕು. ಹಾಗಿಲ್ಲದಿದ್ದರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ ಆ ತಡೆ ಬರುವಂತೆ ಮಾಡಿ, ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಯಬೇಕು. ಬಿಗಿಯುವಾಗ ಅಳತೆ ಸರಿದಿರುವ ಸಂಭವ ಇದ್ದೇ ಇರುವುದರಿಂದ ಮತ್ತೊಮ್ಮೆ ಗೇಜ್ ಹಾಕಿ ನೋಡದೆ ಮುಂದೆ ಹೋಗಬಾರದು. ಈ ಎಂಜಿನ್ನಿನ ಫೈರಿಂಗ್ ಕ್ರಮ 1-3-2. ಆದ್ದರಿಂದ ಕ್ರ್ಯಾಂಕನ್ನು 240 ಡಿಗ್ರಿ ತಿರುಗಿಸಿದರೆ ಮೂರನೇ ಸಿಲಿಂಡರ್, ಮತ್ತೆ 240 ಡಿಗ್ರಿಗೆ ಎರಡನೆಯದು.

ಗೇಜಿನ ಅಳತೆ ಸರಿಯಿದ್ದೂ ಸದ್ದು ಹೋಗದಿದ್ದರೆ ರಾಕರನ್ನೂ ಸ್ಕ್ರೂವಿನ ತುದಿಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಸವೆತದಿಂದ ಅಲ್ಲಿ ಗುಳಿ ಬಿದ್ದಿದ್ದರೆ ಚಪ್ಪಟೆಯಾದ ಎಸಳು ಗುಳಿಯ ದಂಡೆಗಳ ಮೇಲೆ ಕೂತು ಸುಳ್ಳು ಅಳತೆ ತೋರಿಸುತ್ತದೆ, ನಿಜವಾದ ಸಂದು ಗುಳಿಯ ಆಳದಷ್ಟು ಹೆಚ್ಚಿರುತ್ತದೆ. ಆ ಭಾಗ ಬದಲಿಸದೆ ಎಷ್ಟು ಸಲ ಸೆಟ್ಟಿಂಗ್ ಮಾಡಿದರೂ ಫಲವಿಲ್ಲ. ಕವರ್ ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಿಸಬೇಕು. ಅಲ್ಲಿ ಉಳಿಸಿದ ಹಣ ಎಕ್ಸಾಸ್ಟ್ ಮೇಲೆ ಆಯಿಲ್ ಸೋರಿ ಹೊಗೆಯಾದಾಗ ಎರಡರಷ್ಟು ಹೋಗುತ್ತದೆ.

ಸದ್ದು ಪೂರ್ತಿ ಅಡಗಬೇಕೆಂದು ಸಂದನ್ನು ಅಳತೆಗಿಂತ ಕಿರಿದು ಮಾಡಿಸುವವರಿದ್ದಾರೆ. ಇದು ಇಡೀ ವಿಷಯದಲ್ಲಿ ಅತ್ಯಂತ ಹಾನಿಕರವಾದ ತಪ್ಪು. ವಾಲ್ವ್ ತಾನು ಪಡೆದ ಬಿಸಿಯ ಬಹುಭಾಗವನ್ನು ಸೀಟಿನ ಮೇಲೆ ಕೂತಿರುವಾಗಲೇ ಹೆಡ್ಡಿಗೆ ದಾಟಿಸುತ್ತದೆ. ಸಂದು ಸಾಲದೆ ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿದರೆ ಆ ಬಿಸಿ ಹೋಗಲು ದಾರಿಯಿಲ್ಲ, ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತದೆ, ಹೆಡ್ ಬಿಚ್ಚುವುದೊಂದೇ ಉಳಿದ ದಾರಿ. ಸಡಿಲವಾದ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುತ್ತದೆ, ಬಿಗಿಯಾದದ್ದು ಸದ್ದಿಲ್ಲದೆ ಕೆಡಿಸುತ್ತದೆ. ಗ್ಯಾಸಿನಲ್ಲಿ ಓಡುವ ಕಾರುಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ: ಸಿಎನ್‌ಜಿ, ಎಲ್‌ಪಿಜಿ ಇಂಧನಗಳಿಂದ ಎಕ್ಸಾಸ್ಟ್ ಸೀಟು ಬೇಗ ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಅದರ ಕಡ್ಡಿಯ ತುದಿ ಅಷ್ಟೇ ಮೇಲಕ್ಕೆ ಬರುತ್ತದೆ, ಸಂದು ತಾನಾಗಿ ಮುಚ್ಚುತ್ತದೆ. ಒಂದು ಕಾಲಕ್ಕೆ ಟಿಕ್ ಟಿಕ್ ಎನ್ನುತ್ತಿದ್ದ ಗ್ಯಾಸ್ ಕಾರು ಏನೂ ಮಾಡದೆ ನಿಶ್ಶಬ್ದವಾಗಿ, ಜೊತೆಗೆ ನಿಂತಾಗ ಎಂಜಿನ್ ನಡುಗತೊಡಗಿದರೆ ಕೂಡಲೇ ಸಂದು ಅಳೆಸಬೇಕು.

ಹೈಡ್ರಾಲಿಕ್ ಟ್ಯಾಪೆಟ್ಟುಗಳ ಚಿಕಿತ್ಸೆ ಬೇರೆ. ಬಹುಪಾಲು ಅವು ಕೆಡುವುದು ಹೊತ್ತಿಗೆ ಆಯಿಲ್ ಬದಲಿಸದೆ ಕಟ್ಟಿದ ಜಿಡ್ಡಿನಿಂದ. ಸರಿಯಾದ ಗ್ರೇಡಿನ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಕೆಲವು ದಿನ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿದಾಗ ಸದ್ದು ತಾನಾಗಿ ನಿಂತ ಉದಾಹರಣೆಗಳು ಬೇಕಾದಷ್ಟಿವೆ. ನಿಲ್ಲದಿದ್ದರೆ ಹಾಳಾದವನ್ನು ಬದಲಿಸಬೇಕು. ವರ್ಷಗಟ್ಟಲೆ ನಿರ್ಲಕ್ಷ್ಯಕ್ಕೊಳಗಾದ ಎಂಜಿನ್ನಿಗೆ ತೀಕ್ಷ್ಣವಾದ ಎಂಜಿನ್ ಫ್ಲಶ್ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಮ್ಮೆಲೇ ಕಿತ್ತುಬಂದ ಜಿಡ್ಡು ಸಂಪಿನೊಳಗಿನ ಜಾಲರಿಯನ್ನು ಕಟ್ಟಿ ಪಂಪಿಗೆ ಆಯಿಲ್ಲೇ ಸಿಗದಂತಾಗಬಹುದು. ಕಡಿಮೆ ಅಂತರದಲ್ಲಿ ಎರಡು ಸಲ ಆಯಿಲ್ ಬದಲಿಸುವುದು ನಿಧಾನವಾದರೂ ಕ್ಷೇಮ.

ಕಡೆಯದಾಗಿ ಬಿಸಿಯಾದಾಗ ಕೆಳಗಿನಿಂದ ಬರುವ ದಪ್ಪ ಸದ್ದು. ಇಲ್ಲಿ ಮೊದಲು ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ ಅದರ ಜಾಗದಲ್ಲಿ ಮುಳ್ಳಿನ ಗೇಜ್ ಕೂರಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಒತ್ತಡ ಅಳೆಸಬೇಕು. ಡ್ಯಾಶ್ ಬೋರ್ಡಿನ ಕೆಂಪು ದೀಪ ಉರಿಯಲಿಲ್ಲವೆಂಬುದು ಸಾಕ್ಷಿಯಲ್ಲ, ಒತ್ತಡ ತೀರಾ ಕುಸಿದಾಗಲೇ ಅದು ಉರಿಯುವುದು. ಅನುಮಾನವಿರುವ ಸಿಲಿಂಡರ್ ಯಾವುದೆಂದು ತಿಳಿಯಲು ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ನೋಡುತ್ತಾರೆ; ಆ ಸಿಲಿಂಡರಿನಲ್ಲಿ ದಹನ ನಿಂತಾಗ ಪಿಸ್ಟನ್ನಿನ ಮೇಲಿನ ಒತ್ತಡ ತಗ್ಗಿ ಸದ್ದು ಇಳಿದರೆ ಅದರ ಬೇರಿಂಗ್ ಸವೆದಿದೆ. ಟ್ಯಾಪೆಟ್ಟಿನ ಸದ್ದು ಹೀಗೆ ಬದಲಾಗುವುದಿಲ್ಲ. ಪ್ಲಗ್ಗಿನ ವೈರ್ ಕಿತ್ತರೆ ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಆದ್ದರಿಂದ ಇಂಜೆಕ್ಟರಿನ ದಾರಿಯೇ ಸರಿ. ಬೇರಿಂಗ್ ಎಂದು ಖಚಿತವಾದ ಮೇಲೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಾರದು, ಎಳೆಸಿಕೊಂಡು ಹೋಗಬೇಕು. ಕ್ರ್ಯಾಂಕಿನ ಮೈ ಇನ್ನೂ ನಯವಾಗಿರುವಾಗ ಸಂಪ್ ಬಿಚ್ಚಿದರೆ ಬೇರಿಂಗ್ ಶೆಲ್ಲುಗಳ ಬದಲಾವಣೆಯಲ್ಲೇ ಮುಗಿಯುವ ಸಾಧ್ಯತೆ ಇದೆ. ಗೀರು ಬಿದ್ದ ಮೇಲೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಅಂಡರ್ ಸೈಜ್ ಬೇರಿಂಗ್ ಹಾಕಬೇಕು. ರಾಡ್ ಮುರಿದು ಬ್ಲಾಕಿನ ಗೋಡೆಯನ್ನು ಒಡೆದುಕೊಂಡು ಬಂದರೆ ಬೇರೆ ಎಂಜಿನ್ನೇ ಬೇಕು.